ಅಜ್ಜ ಜಪಾನಿನಿಂದ ತಂದ ಬೀದಿಯ ಚಿತ್ರ: ಹೊಸದು ಮಾಡಲು ಹೋಗಬೇಡಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿ. ನನ್ನ ಅಮ್ಮನ ಅಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದರು. ಯುದ್ಧ ಮುಗಿದ ಮೇಲೆ ಅವರನ್ನು ಜಪಾನಿಗೆ ಕಳಿಸಿದ್ದರಂತೆ. 1947ರಲ್ಲಿ ಊರಿಗೆ ಬಂದರು. ಹಳೆ ಮನೆ ಬಿಚ್ಚುವಾಗ ಅವರ ಟ್ರಂಕಿನಲ್ಲಿ ಒಂದು ಚಿತ್ರ ಸಿಕ್ಕಿತು. ಕಪ್ಪು ಶಾಯಿಯ ಗೆರೆ, ಅಲ್ಲಲ್ಲಿ ಕ್ರೇಯಾನ್ ಬಣ್ಣ. ಒಂದು ಬೀದಿ. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು, ಸೈಕಲ್ಲಿನ ಹಿಂದೆ ಎರಡು ಚಕ್ರದ ಗಾಡಿ ಕಟ್ಟಿ ಎಳೆಯುವವನು, ಚಾಪೆ ಹಾಸಿ ಗೆಣಸು ಮಾರುವ ಮುದುಕ, ಒಂದು ಅಂಗಡಿ ಬೋರ್ಡು, ಹಿಂದೆ ಅರ್ಧ ಗೋಡೆ. ಸಹಿ ಇಲ್ಲ. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ಅಜ್ಜನ ಕನ್ನಡ ಅಕ್ಷರ ಇದೆ. ‘ಕುರೆ’, ‘1946’ ಅಂತ ಮಾತ್ರ ಓದಲು ಆಗುತ್ತದೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಅಂಚು ಪುಡಿಯಾಗುತ್ತಿದೆ, ಕೆಂಪು ಬಣ್ಣದ ಮೇಲೆ ಬಿಳಿ ಪೊರೆ ಬಂದಿದೆ. ಲ್ಯಾಮಿನೇಟ್ ಮಾಡಿಸಬಹುದಾ? ಬಿಳಿಯನ್ನು ಒರೆಸಬಹುದಾ? ಇದು ಕೈಯಲ್ಲಿ ಬಿಡಿಸಿದ್ದೋ, ಅಚ್ಚು ಹಾಕಿದ್ದೋ? ಇದರಲ್ಲಿ ಯುದ್ಧವೇ ಕಾಣುವುದಿಲ್ಲ. ಯುದ್ಧದ ಚಿತ್ರ ಅನ್ನಬಹುದಾ? ಬೆಲೆ ಏನಾದರೂ ಇದೆಯಾ?

ಉತ್ತರ: ಲ್ಯಾಮಿನೇಟ್ ಮಾಡಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ, ಇದೊಂದು ಮಾತ್ರ ಇವತ್ತೇ ತಿಳಿದಿರಲಿ. ಲ್ಯಾಮಿನೇಷನ್ ಯಂತ್ರ 100 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಕ್ರೇಯಾನ್ ಅಂದರೆ ಮೇಣ. ಅದು 50–60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಕರಗತೊಡಗುತ್ತದೆ. ಚಿತ್ರದ ಕೆಂಪು ಬಣ್ಣ ಕ್ಷಣದಲ್ಲಿ ಹರಡಿ ಕಾಗದದೊಳಗೆ ಇಳಿದುಬಿಡುತ್ತದೆ. ಪ್ಲಾಸ್ಟಿಕ್ಕಿನ ಅಂಟು ಕಾಗದದ ನಾರಿನೊಳಗೆ ಸೇರಿಕೊಳ್ಳುತ್ತದೆ, ಮತ್ತೆ ಬಿಡಿಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ಕಾಗದದೊಳಗಿನ ಆಮ್ಲವೂ ಒಳಗೇ ಸಿಕ್ಕಿಹಾಕಿಕೊಂಡು ತನ್ನ ಕೆಲಸ ಮುಂದುವರಿಸುತ್ತದೆ. ಹರಿದ ಕಾಗದವನ್ನು ಸರಿ ಮಾಡಬಹುದು. ಲ್ಯಾಮಿನೇಟ್ ಆದ ಕ್ರೇಯಾನ್ ಚಿತ್ರವನ್ನು ಯಾರಿಂದಲೂ ಸರಿ ಮಾಡಲು ಆಗುವುದಿಲ್ಲ.

ಇನ್ನು ಆ ಬಿಳಿ ಪೊರೆ. ನಮ್ಮ ಕಡೆ ಬಿಳಿ ಕಂಡರೆ ಬೂಷ್ಟು ಅಂತ ಮೊದಲು ಅನುಮಾನ ಬರುವುದು ಸಹಜ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಆದರೆ ನೀವು ಬರೆದಿರುವುದು ಕೆಂಪು ಬಣ್ಣದ ಮೇಲೆ ಮಾತ್ರ ಅಂತ. ಹಾಗಿದ್ದರೆ ಅದು ಬಹುಶಃ ಬೂಷ್ಟು ಅಲ್ಲ. ಕ್ರೇಯಾನಿನ ಮೇಣ, ಕೊಬ್ಬಿನ ಅಂಶ ವರ್ಷಗಟ್ಟಲೆ ನಿಧಾನವಾಗಿ ಮೇಲಕ್ಕೆ ಬಂದು ಹೀಗೆ ತೆಳ್ಳಗೆ ಕೂರುತ್ತದೆ. ಬೂದುಗುಂಬಳದ ಮೈಮೇಲೆ ಬಿಳಿ ಪುಡಿ ಇರುತ್ತದಲ್ಲ, ಅದೇ ಥರ. ಗುರುತಿಸುವುದು ಕಷ್ಟವಲ್ಲ. ಮೇಣದ ಪೊರೆ ಬಣ್ಣ ಎಲ್ಲಿದೆಯೋ ಅಲ್ಲಿ ಮಾತ್ರ, ಒಂದೇ ಸಮನಾಗಿ ಇರುತ್ತದೆ. ಬೂಷ್ಟು ಚುಕ್ಕೆ ಚುಕ್ಕೆಯಾಗಿ ಬರುತ್ತದೆ, ಬಣ್ಣ ಮುಗಿದ ಮೇಲೂ ಖಾಲಿ ಕಾಗದದ ಮೇಲೆ ಹರಡುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಎಳೆ ಕಾಣುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ.

ಮೇಣದ ಪೊರೆಯಾದರೆ ಬಿಟ್ಟುಬಿಡಿ. ಅದರಿಂದ ಚಿತ್ರಕ್ಕೆ ಯಾವ ಹಾನಿಯೂ ಇಲ್ಲ. ಬಟ್ಟೆಯಲ್ಲಿ ಒರೆಸಿದರೆ ಪೊರೆಯ ಜೊತೆಗೆ ಬಣ್ಣವೂ ಬರುತ್ತದೆ, ಬಂದ ಬಣ್ಣ ಪಕ್ಕದ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಬೂಷ್ಟೇ ಆಗಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಿಸಿಲಿಗೂ ಇಡಬೇಡಿ. ಬಿಸಿಲಲ್ಲಿ ಬೂಷ್ಟು ಒಣಗುವುದು ಹೌದು, ಆದರೆ ಅಷ್ಟರಲ್ಲಿ ಹಿಂಬದಿಯ ನೀಲಿ ಅಕ್ಷರ ಮಾಸಿ, ಕಾಗದ ಇನ್ನೂ ಕಂದಾಗಿರುತ್ತದೆ. ಗಾಳಿಯಾಡುವ, ನೆರಳಿರುವ ಕೋಣೆಯಲ್ಲಿ ಬಿಡಿಸಿಟ್ಟು ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಹೊರಗೆ ಜಗಲಿಯಲ್ಲಿ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಅತಿ ಮೆತ್ತನೆಯ ಕುಂಚದಿಂದ ಖಾಲಿ ಕಾಗದದ ಭಾಗವನ್ನು ಮಾತ್ರ ಹಗುರವಾಗಿ ಸವರಬಹುದು. ಬಣ್ಣವಿರುವ ಕಡೆ ಕೈ ಹಾಕಬೇಡಿ.

ಕೈಚಿತ್ರವೋ ಅಚ್ಚೋ ಅನ್ನುವುದನ್ನು ನೀವೇ ಮನೆಯಲ್ಲಿ ನೋಡಬಹುದು. ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾಗದದ ಮಟ್ಟಕ್ಕೆ ಇಳಿಸಿ, ಬದಿಯಿಂದ ಬೆಳಕು ಬಿಡಿ. ಕ್ರೇಯಾನ್ ಆಗಿದ್ದರೆ ಮೇಣ ಕಾಗದದ ಉಬ್ಬುಗಳ ಮೇಲೆ ಮಾತ್ರ ಕೂತು ಮಿನುಗುತ್ತದೆ, ತಗ್ಗುಗಳಲ್ಲಿ ಕಾಗದ ಹಾಗೇ ಉಳಿದಿರುತ್ತದೆ. ಒತ್ತಿ ಬಳಿದ ಕಡೆ ಮೇಣದ ಸಣ್ಣ ಸಣ್ಣ ಚೂರುಗಳೂ ಸಿಗಬಹುದು. ಅಚ್ಚಿನ ಚಿತ್ರದಲ್ಲಿ ಬಣ್ಣ ಚಪ್ಪಟೆ. ಭೂತಗನ್ನಡಿಯಲ್ಲಿ ಸಾಲು ಸಾಲಾಗಿ ಚುಕ್ಕೆ ಕಂಡರೆ ಅದು ಖಂಡಿತ ಅಚ್ಚು. ಇನ್ನೊಂದು ಪರೀಕ್ಷೆ ಇದೆ. ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ಅತಿನೇರಳೆ ಟಾರ್ಚ್ ಸಿಕ್ಕರೆ ಕತ್ತಲಲ್ಲಿ ಒಂದೆರಡು ಸೆಕೆಂಡ್ ಹಿಡಿಯಿರಿ. ಕಾಗದ ನೀಲಿ ಬಿಳುಪಾಗಿ ಜಗ್ಗನೆ ಹೊಳೆದರೆ ಅನುಮಾನ ಪಡಬೇಕು. ಕಾಗದವನ್ನು ಬೆಳ್ಳಗೆ ತೋರಿಸುವ ಆ ರಾಸಾಯನಿಕಗಳು ಬಳಕೆಗೆ ಬಂದದ್ದು ಹೆಚ್ಚಾಗಿ 1950ರ ನಂತರ. 1946ರ ಬಡ ಕಾಗದ ಮಂಕಾಗಿಯೇ ಇರಬೇಕು.

ಶಾಯಿಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಚಿತ್ರ ಎಷ್ಟು ಕಾಲ ಬಾಳುತ್ತದೆ ಅನ್ನುವುದು, ಯಾರು ಬಿಡಿಸಿರಬಹುದು ಅನ್ನುವುದು ಎರಡೂ ಅಲ್ಲೇ ಇದೆ. ಆ ಕಾಲದಲ್ಲಿ ಕೈಗೆ ಸಿಗುತ್ತಿದ್ದ ಶಾಯಿ ಮುಖ್ಯವಾಗಿ ಮೂರು ಬಗೆ. ಒಂದು ಹೊಗೆಯ ಮಸಿಯಿಂದ ಮಾಡಿದ್ದು. ಜಪಾನಿನಲ್ಲಿ ಮಸಿಯನ್ನು ಪ್ರಾಣಿಯ ಅಂಟಿನ ಜೊತೆ ಕಲಸಿ ಕಡ್ಡಿ ಮಾಡಿ, ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಬಳಸುತ್ತಾರೆ. ಸುಮಿ ಅಂತ ಅದರ ಹೆಸರು. ಮಸಿ ಅಂದರೆ ಇಂಗಾಲ, ಬೆಳಕಿಗೆ ಮಾಸುವುದಿಲ್ಲ. ಎಂಬತ್ತು ವರ್ಷವಾದರೂ ಕಪ್ಪು ಕಪ್ಪಾಗಿಯೇ ಇರುತ್ತದೆ. ಎರಡನೆಯದು ಕಬ್ಬಿಣದ ಶಾಯಿ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ನಮ್ಮ ಹಿರಿಯರೂ ಶಾಯಿ ಮಾಡುತ್ತಿದ್ದರು, ಅದೇ ಜಾತಿ. ಬರೆದಾಗ ತಿಳಿಯಾಗಿರುತ್ತದೆ, ಗಾಳಿಗೆ ಕಪ್ಪಾಗುತ್ತದೆ, ವರ್ಷ ಕಳೆದ ಹಾಗೆ ಕಂದಾಗುತ್ತದೆ, ಕೊನೆಗೆ ಗೆರೆ ಇದ್ದ ಕಡೆ ಕಾಗದವನ್ನೇ ತಿಂದು ತೂತು ಮಾಡುತ್ತದೆ. ತೇವ ಇದ್ದಷ್ಟೂ ಆ ತಿನ್ನುವಿಕೆ ಜೋರು. ಮೂರನೆಯದು ಫೌಂಟನ್ ಪೆನ್ನಿನ ಬಣ್ಣದ ಶಾಯಿ. ನೀರು ತಾಗಿದರೆ ಹರಡುತ್ತದೆ, ಬೆಳಕಿಗೆ ಮಾಸುತ್ತದೆ.

ನಿಮ್ಮ ಚಿತ್ರದ ಗೆರೆ ಇನ್ನೂ ಕಪ್ಪಾಗಿದೆ ಅನ್ನುತ್ತೀರಿ. ಹಾಗಾದರೆ ಮಸಿಯ ಶಾಯಿ ಆಗಿರುವ ಸಾಧ್ಯತೆ ಜಾಸ್ತಿ. ಕಾಗದವನ್ನು ತಿರುಗಿಸಿ ನೋಡಿ. ಗೆರೆಗಳು ಹಿಂಬದಿಗೆ ಕಂದಾಗಿ ಇಳಿದಿಲ್ಲ ಅಂದರೆ ಇನ್ನೂ ಧೈರ್ಯ. ಆಮೇಲೆ ಗೆರೆಯ ಅಂಚು ನೋಡಿ. ನಿಬ್ಬಿನಲ್ಲಿ ಎಳೆದ ಗೆರೆಯಲ್ಲಿ, ಒತ್ತಿದ ಕಡೆ ನಿಬ್ಬು ಎರಡಾಗಿ ಬಿಚ್ಚಿಕೊಂಡು ಎರಡೂ ಅಂಚಿನಲ್ಲಿ ಸಣ್ಣ ಗೀರು ಬಿಡುತ್ತದೆ. ಕುಂಚದ ಗೆರೆ ಹಾಗಲ್ಲ. ತೆಳ್ಳಗೆ ಶುರುವಾಗಿ, ನಡುವೆ ದಪ್ಪವಾಗಿ, ಶಾಯಿ ಮುಗಿಯುವಲ್ಲಿ ಒಣಗಿ ಎಳೆ ಎಳೆಯಾಗುತ್ತದೆ. ಕುಂಚದ ಗೆರೆಯಾದರೆ ಬಿಡಿಸಿದವರು ಅಲ್ಲಿಯವರೇ ಇರಬೇಕು ಅಂತ ನಾನು ಹೇಳುತ್ತೇನೆ, ಅಷ್ಟು ಸರಾಗವಾಗಿ ಕುಂಚ ಹಿಡಿಯುವುದು ಶಾಲೆಯಿಂದ ಬಂದ ಅಭ್ಯಾಸ. ನಿಬ್ಬಿನ ಗೆರೆಯಾದರೆ ಬಾಗಿಲು ತೆರೆದೇ ಇರಲಿ. ಕ್ಯಾಂಪಿನ ಇನ್ನೊಬ್ಬ ಸಿಪಾಯಿ ಇರಬಹುದು. ನಿಮ್ಮ ಅಜ್ಜನೇ ಇರಬಹುದು. ಅವರ ಬೇರೆ ಗೀಚು, ಮಕ್ಕಳಿಗೆ ಬಿಡಿಸಿಕೊಟ್ಟ ಏನಾದರೂ ಮನೆಯಲ್ಲಿದೆಯಾ ಅಂತ ಅಮ್ಮನನ್ನು ಒಮ್ಮೆ ಕೇಳಿ.

ಗೆರೆ ಮೊದಲೋ ಬಣ್ಣ ಮೊದಲೋ ಅನ್ನುವುದನ್ನೂ ನೋಡಬಹುದು. ಮೇಣದ ಮೇಲೆ ನೀರಿನ ಶಾಯಿ ನಿಲ್ಲುವುದಿಲ್ಲ. ಬಣ್ಣದ ಮೇಲೆ ಹಾದ ಗೆರೆ ಹನಿ ಹನಿಯಾಗಿ ತುಂಡಾಗಿದ್ದರೆ ಕ್ರೇಯಾನ್ ಮೊದಲು. ಗೆರೆ ಗಟ್ಟಿಯಾಗಿದ್ದು ಅದರ ಮೇಲೆ ಮೇಣ ಹೊಳೆಯುತ್ತಿದ್ದರೆ ಶಾಯಿ ಮೊದಲು. ಇದೇ ಗುಣವನ್ನು ಬೇಕೆಂದೇ ಬಳಸಿದವರು ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್. 1940–41ರಲ್ಲಿ ಲಂಡನ್ನಿನ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಮಲಗುತ್ತಿದ್ದರು. ಮೂರ್ ಅವರನ್ನು ನೋಡಿ ಬಂದು, ಆಮೇಲೆ ನೆನಪಿನಿಂದ ಬಿಡಿಸಿದರು. ಬಿಳಿ, ಹಳದಿ ಕ್ರೇಯಾನಿನಲ್ಲಿ ಮೈಯ ಆಕಾರ ಮೊದಲು ಗುರುತು ಹಾಕಿ, ಮೇಲೆ ತೆಳು ಬಣ್ಣದ ನೀರು ಹರಿಸುತ್ತಿದ್ದರು. ಮೇಣವಿದ್ದ ಕಡೆ ನೀರು ನಿಲ್ಲದೆ, ಕತ್ತಲೊಳಗಿಂದ ಮಲಗಿದವರ ಮೈ ಎದ್ದು ಕಾಣುತ್ತಿತ್ತು. ಕೊನೆಗೆ ಶಾಯಿಯ ಗೆರೆ. ಅವರು ಬಳಸಿದ್ದು ಮಕ್ಕಳ ಅಗ್ಗದ ಕ್ರೇಯಾನು. ಸಾಮಾನ್ಯರ ದಿನವನ್ನು ಚಿತ್ರಿಸಲು ಹೊರಟವರಿಗೆ ಆ ವರ್ಷಗಳಲ್ಲಿ ಸಿಕ್ಕಿದ ಸಾಮಾನೂ ಸಾಮಾನ್ಯರದ್ದೇ.

ಈಗ ನಿಮ್ಮ ನಾಲ್ಕನೇ ಪ್ರಶ್ನೆ. ನನಗೆ ತುಂಬ ಮುಖ್ಯ ಅನಿಸಿದ್ದು ಅದೇ. ಇದರಲ್ಲಿ ಯುದ್ಧ ಎಲ್ಲಿದೆ?

ಕುರೆ ಅನ್ನುವುದು ಹಿರೋಶಿಮಾದ ಹತ್ತಿರದ ಬಂದರು. ಜಪಾನಿನ ದೊಡ್ಡ ನೌಕಾನೆಲೆ ಅಲ್ಲಿತ್ತು. ಯಾಮಾಟೊ ಎಂಬ ಭಾರಿ ಯುದ್ಧನೌಕೆ ಕಟ್ಟಿದ್ದೂ ಅಲ್ಲೇ. 1945ರ ಜುಲೈ ಶುರುವಿನಲ್ಲಿ ಬಾಂಬ್ ದಾಳಿಗೆ ಊರು ಉರಿದುಹೋಯಿತು. ಹಾಗಾಗಿ ಆ ಅರ್ಧ ಗೋಡೆ ನೋಡಿ ಕೂಡಲೇ ಅಣುಬಾಂಬಿನ ಹಿರೋಶಿಮಾ ಅಂತ ಯಾರಿಗೂ ಹೇಳಬೇಡಿ. ಕುರೆಯಲ್ಲೇ ಅಂಥ ಗೋಡೆ ಸಾಕಷ್ಟಿದ್ದವು. 1946ರ ಮೊದಲ ತಿಂಗಳುಗಳಲ್ಲಿ, ಸೋತ ಜಪಾನಿನಲ್ಲಿ ಕಾವಲಿರಲು ಬ್ರಿಟಿಷ್ ಕಾಮನ್‌ವೆಲ್ತ್ ಪಡೆ ಕುರೆಯಲ್ಲಿ ಇಳಿಯಿತು. ಅದರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಜೊತೆ ಭಾರತದ ಸೈನಿಕರೂ ಇದ್ದರು. ಭಾರತದ 268ನೇ ಬ್ರಿಗೇಡಿನ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಕೊಡಗಿನ ಕೆ.ಎಸ್. ತಿಮ್ಮಯ್ಯ. ಭಾರತದ ಪಡೆ 1947ರಲ್ಲಿ ವಾಪಸಾಯಿತು. ನಿಮ್ಮ ಅಜ್ಜನ ವರ್ಷಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ. ಪಡೆಯ ಸಾಮಾನು ಇಳಿಯುತ್ತಿದ್ದ ಬಂದರು ಕುರೆ, ಲಾರಿ ಡ್ರೈವರ್ ಅಲ್ಲಿಗೆ ಹೋಗಿ ಬರುವುದು ಸಹಜ. ಆದರೆ ತಿಮ್ಮಯ್ಯನವರ ಕೈಕೆಳಗೇ ಇದ್ದರು ಅಂತ ಈಗಲೇ ಬರೆದಿಡಬೇಡಿ. ಡ್ರೈವರುಗಳು ಹೆಚ್ಚಾಗಿ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ಗೆ ಸೇರಿದವರು. ಟ್ರಂಕಿನಲ್ಲಿ ಡಿಸ್ಚಾರ್ಜ್ ಸರ್ಟಿಫಿಕೇಟ್ ಇದೆಯಾ ಹುಡುಕಿ. ಅದರಲ್ಲಿ ಘಟಕದ ಹೆಸರು ಇರುತ್ತದೆ.

ಆ ಪಡೆಯವರಿಗೆ ಒಂದು ಕಟ್ಟುನಿಟ್ಟಿನ ಆದೇಶವಿತ್ತು: ಊರಿನ ಜನರ ಜೊತೆ ಬೆರೆಯಬಾರದು. ಅವರ ಮನೆಗೆ ಹೋಗಬಾರದು, ಸ್ನೇಹ ಮಾಡಬಾರದು. ಇದನ್ನು ತಿಳಿದು ಆ ಚಿತ್ರ ನೋಡಿ. ಅದು ಬೀದಿಯಲ್ಲಿ ನಿಂತು ನೋಡಿದ ನೋಟ. ಒಳಗೆ ಹೋಗಲು ಅನುಮತಿ ಇಲ್ಲದವನಿಗೆ ಕಾಣುವುದು ಅಷ್ಟೇ. ಯಾರೇ ಬಿಡಿಸಿರಲಿ, ನಿಮ್ಮ ಅಜ್ಜನಿಗೆ ಅದು ಬೇಕೆನಿಸಿದ್ದು ಅವರು ದಿನಾ ಲಾರಿಯಿಂದ ಕಂಡದ್ದು ಇದೇ ಆದ್ದರಿಂದ ಇರಬಹುದು.

ಆ ಗೆಣಸು ಮಾರುವ ಮುದುಕನ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ. ಯುದ್ಧದ ಕೊನೆಯಲ್ಲಿ ಜಪಾನಿನಲ್ಲಿ ಅಕ್ಕಿ ರೇಷನ್ ಒಬ್ಬರಿಗೆ ದಿನಕ್ಕೆ 300 ಗ್ರಾಂ ಆಸುಪಾಸಿಗೆ ಇಳಿದಿತ್ತು. ಅದೂ ಸಮಯಕ್ಕೆ ಸಿಗುತ್ತಿರಲಿಲ್ಲ, ಅಕ್ಕಿ ಬದಲು ಗೆಣಸು, ಜೋಳ, ಸೋಯಾ ಹಿಂಡಿ ಕೊಟ್ಟು ಲೆಕ್ಕ ತುಂಬಿಸುತ್ತಿದ್ದರು. 1946ರ ಮೇ 19ರಂದು ಟೋಕಿಯೋದ ಅರಮನೆ ಮುಂದೆ ಲಕ್ಷಗಟ್ಟಲೆ ಜನ ಸೇರಿ ಅನ್ನ ಕೊಡಿ ಅಂತ ಕೇಳಿದರು. ಸುಟ್ಟ ಊರುಗಳ ರೈಲು ನಿಲ್ದಾಣದ ಬದಿಯಲ್ಲಿ, ಖಾಲಿ ಜಾಗದಲ್ಲಿ ಚಾಪೆ ಹಾಸಿ ಕಳ್ಳಸಂತೆ ನಡೆಯುತ್ತಿತ್ತು. ಜನ ಮನೆಯ ಕಿಮೋನೋ ಹಳ್ಳಿಗೆ ಒಯ್ದು ಗೆಣಸು, ಅಕ್ಕಿಗೆ ಬದಲಾಯಿಸಿ ತರುತ್ತಿದ್ದರು. ಅಂದರೆ ನಿಮ್ಮ ಚಿತ್ರದ ಚಾಪೆ, ಗೆಣಸು ಸುಮ್ನೆ ಬೀದಿಯ ಅಲಂಕಾರ ಅಲ್ಲ. ಆ ವರ್ಷದ ಹಸಿವು ಅಲ್ಲಿ ಕೂತಿದೆ.

ಅದನ್ನು ನೋಡಿದ ನಿಮ್ಮ ಅಜ್ಜ ಎಲ್ಲಿಂದ ಹೋದವರು? ಆಗಿನ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಿಂದ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಬರ್ಮಾ ಅಕ್ಕಿ ಬರುವುದು ನಿಂತಿತು. ಕರಾವಳಿಯಲ್ಲಿ ಅಕ್ಕಿಗೆ ತತ್ವಾರ ಬಂತು, ರೇಷನ್ ಬಂತು, ಮರಗೆಣಸು ತಿಂದು ದಿನ ತಳ್ಳಿದ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಎರಡು ದೇಶ, ಎದುರಾಳಿಗಳು, ಊಟಕ್ಕೆ ಮಾತ್ರ ಒಂದೇ ಗತಿ. ಅಜ್ಜನಿಗೆ ಆ ಮುದುಕನ ಚಾಪೆ ಪರಿಚಯದ್ದೇ ಅನಿಸಿರುತ್ತದೆ ಅಂತ ನಾನು ನಂಬುತ್ತೇನೆ.

ಉಳಿದವೂ ಹೀಗೇ. ಸೈಕಲ್ಲಿನ ಹಿಂದಿನ ಎರಡು ಚಕ್ರದ ಗಾಡಿಗೆ ಅಲ್ಲಿ ರಿಯಾಕಾ ಅನ್ನುತ್ತಾರೆ. ಪೆಟ್ರೋಲ್ ಇಲ್ಲದ ವರ್ಷಗಳಲ್ಲಿ ಮನೆ ಸಾಮಾನು, ಸುಟ್ಟ ಮರ, ತಗಡು, ಕಾಯಿಲೆಯವರು ಎಲ್ಲವೂ ಅದರ ಮೇಲೆಯೇ ಹೋದವು. ಗಾಡಿ ಎಳೆಯುವವನ ತಲೆ, ಕಾಲು ನೋಡಿ. ಚಿಹ್ನೆ ಕಿತ್ತ ಮಿಲಿಟರಿ ಟೋಪಿ, ಕಾಲಿಗೆ ಸುತ್ತಿದ ಪಟ್ಟಿ ಇದ್ದರೆ ಅವನು ಸೈನ್ಯದಿಂದ ಮನೆಗೆ ಬಂದವನಿರಬಹುದು, ಅಥವಾ ಬೇರೆ ಬಟ್ಟೆ ಇಲ್ಲದವನು. ಹೆಂಗಸು ಕಾಲಿನ ಹತ್ತಿರ ಬಿಗಿದ, ಸಡಿಲವಾದ ಪಾಯಿಜಾಮದಂಥದ್ದು ಹಾಕಿದ್ದರೆ ಅದು ಮೊಂಪೆ. ಹೊಲದ ಕೆಲಸದ ಉಡುಪು. ಯುದ್ಧಕಾಲದಲ್ಲಿ ಪೇಟೆಯ ಹೆಂಗಸರೂ ಅದನ್ನೇ ಹಾಕಬೇಕಾಗಿತ್ತು, ಯುದ್ಧ ಮುಗಿದ ಮೇಲೂ ಬಟ್ಟೆಯಿಲ್ಲದೆ ಅದೇ ಮುಂದುವರಿಯಿತು.

ಅಂಗಡಿ ಬೋರ್ಡನ್ನು ದೊಡ್ಡದಾಗಿ ಫೋಟೋ ತೆಗೆದು ಜಪಾನಿ ಓದುವವರಿಗೆ ತೋರಿಸಿ. ಅಡ್ಡ ಬರೆದ ಬೋರ್ಡುಗಳು ಯುದ್ಧಕ್ಕೆ ಮೊದಲು ಹೆಚ್ಚಾಗಿ ಬಲದಿಂದ ಎಡಕ್ಕೆ ಇರುತ್ತಿದ್ದವು, ಯುದ್ಧದ ನಂತರ ಎಡದಿಂದ ಬಲಕ್ಕೆ ಬರೆಯುವುದು ರೂಢಿಯಾಯಿತು. 1946ರಲ್ಲಿ ಎರಡೂ ಒಂದೇ ಬೀದಿಯಲ್ಲಿ ಕಾಣಸಿಗುತ್ತಿದ್ದವು. ಅಕ್ಷರಗಳ ಸರಳ ರೂಪ ಅಧಿಕೃತವಾಗಿ ಬಂದದ್ದು 1949ರಲ್ಲಿ. ಬೋರ್ಡಿನಲ್ಲಿ ಹಳೆಯ, ಗೆರೆ ಜಾಸ್ತಿಯಿರುವ ರೂಪವಿದ್ದರೆ ನಿಮ್ಮ ಅಜ್ಜನ ವರ್ಷಕ್ಕೆ ಅದು ಇನ್ನೊಂದು ಸಾಕ್ಷಿ. ಜಪಾನಿ ಅಕ್ಷರ ಗೊತ್ತಿಲ್ಲದವರು ನೋಡಿ ಬಿಡಿಸಿದ್ದಾದರೆ ಅಕ್ಷರ ತಪ್ಪಾಗಿರುತ್ತದೆ. ಆಗ ಬಿಡಿಸಿದವರು ಜಪಾನಿನವರಲ್ಲ ಅಂತಲೂ ಗೊತ್ತಾಗುತ್ತದೆ. ಒಂದು ಬೋರ್ಡಿನಿಂದ ಇಷ್ಟೆಲ್ಲ ಸಿಗುತ್ತದೆ.

ಕಾಗದ, ಕ್ರೇಯಾನುಗಳಲ್ಲೂ ಯುದ್ಧವಿದೆ. ಆಗ ಜಪಾನಿನಲ್ಲಿ ಕಾಗದಕ್ಕೆ ದೊಡ್ಡ ಬರ. ಹಳೆ ಕಾಗದವನ್ನು ಅರೆದು ಮಾಡಿದ ಒರಟು, ಕಂದು ಹಾಳೆಗಳಲ್ಲೇ ಪತ್ರಿಕೆಗಳು ಬರುತ್ತಿದ್ದವು. ಕ್ರೇಯಾನ್ ಮಾತ್ರ ಅಲ್ಲಿನ ಮಕ್ಕಳಿಗೆ ಹೊಸದಲ್ಲ. 1919ರಲ್ಲಿ ಯಾಮಾಮೊಟೊ ಕನಾಯೆ ಎಂಬ ಕಲಾವಿದರು, ಮಕ್ಕಳು ಮಾದರಿ ನೋಡಿ ನಕಲು ಮಾಡುವುದನ್ನು ಬಿಟ್ಟು ಕಂಡದ್ದನ್ನು ಬಿಡಿಸಲಿ ಅಂತ ಚಳವಳಿ ಶುರುಮಾಡಿದರು. ಶಾಲೆ ಶಾಲೆಗೆ ಕ್ರೇಯಾನ್ ಬಂತು. ಮನೆಯ ಮೂಲೆಯಲ್ಲಿ ಉಳಿದ ಒಂದೆರಡು ತುಂಡು ಕ್ರೇಯಾನ್, ಅಕ್ಷರ ಬರೆಯುವ ಸುಮಿ, ಕೈಗೆ ಸಿಕ್ಕ ಒರಟು ಹಾಳೆ. ಇಷ್ಟರಲ್ಲಿ ಇಂಥ ಚಿತ್ರ ಹುಟ್ಟುತ್ತದೆ. ಎಷ್ಟು ಬಣ್ಣ ಬಳಸಿದ್ದಾರೆ ಎಣಿಸಿ ನೋಡಿ. ಎರಡೋ ಮೂರೋ ಮಾತ್ರ ಇದ್ದರೆ ಅಷ್ಟೇ ಕಡ್ಡಿ ಉಳಿದಿದ್ದವು ಅಂತ ಲೆಕ್ಕ ಹಾಕಬಹುದು.

ನಮ್ಮ ದೇಶದಲ್ಲೂ ಇದಕ್ಕೆ ಜೊತೆಯಿದೆ. 1943ರ ಬಂಗಾಳದ ಬರದಲ್ಲಿ ಕಲಾವಿದ ಜೈನುಲ್ ಆಬೆದಿನ್ ಕಲ್ಕತ್ತೆಯ ಬೀದಿಯಲ್ಲಿ ಬಿದ್ದವರನ್ನು ಕಪ್ಪು ಶಾಯಿ, ಒಣ ಕುಂಚದಲ್ಲಿ ಅಗ್ಗದ ಕಾಗದದ ಮೇಲೆ ಬಿಡಿಸಿದರು. ಇನ್ನೊಬ್ಬ ಕಲಾವಿದ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿ ಹಳ್ಳಿ ನಡೆದು ಬಿಡಿಸಿದ ಚಿತ್ರಗಳ ಪುಸ್ತಿಕೆಯನ್ನು ಬ್ರಿಟಿಷ್ ಸರಕಾರ ಕಿತ್ತುಕೊಂಡು ಸುಟ್ಟಿತು. ಮೊದಲ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್‌ವಿಟ್ಸ್ ಆಮೇಲೆ ಬಿಡಿಸಿದ್ದು ರಣರಂಗವಲ್ಲ. ಸೆರಗು ಎಳೆದು ರೊಟ್ಟಿ ಕೇಳುವ ಮಕ್ಕಳು, ಕೊಡಲಾಗದೆ ಬೆನ್ನು ತಿರುಗಿಸಿ ನಿಂತ ತಾಯಿ. ಹಿರೋಶಿಮಾದಲ್ಲಂತೂ ಸಾಮಾನ್ಯ ಜನರೇ ಕೈಗೆತ್ತಿಕೊಂಡರು. 1974ರಲ್ಲಿ ಒಬ್ಬ ವಯಸ್ಸಾದವರು ತಾವು ಕಂಡದ್ದನ್ನು ಬಿಡಿಸಿ ಅಲ್ಲಿನ ಎನ್‌ಎಚ್‌ಕೆ ಪ್ರಸಾರ ಕೇಂದ್ರಕ್ಕೆ ಒಯ್ದು ಕೊಟ್ಟರು. ಆಮೇಲೆ ಕೇಂದ್ರ ಕರೆ ಕೊಟ್ಟಾಗ ಎರಡು ಸಾವಿರಕ್ಕಿಂತ ಜಾಸ್ತಿ ಚಿತ್ರಗಳು ಬಂದವು. ಕ್ರೇಯಾನ್, ಪೆನ್ಸಿಲ್, ಶಾಯಿ, ಕೈಗೆ ಸಿಕ್ಕಿದ್ದರಲ್ಲಿ ಬಿಡಿಸಿದವು. ಚಿತ್ರದ ಮೇಲೇ ಅಕ್ಷರದಲ್ಲಿ ಊರು, ಸಮಯ ಬರೆದವು. ನಿಮ್ಮ ಅಜ್ಜ ಹಿಂಬದಿಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ?

ಹಾಗಾಗಿ ಹೌದು, ಇದು ಯುದ್ಧದ ಚಿತ್ರವೇ. ಮತ್ತು ಅದೇ ಕಾರಣಕ್ಕೆ ಇದನ್ನು ಹೊಸದು ಮಾಡಲು ಹೋಗಬಾರದು. ಕಂದು ಕಾಗದ, ಪುಡಿಯಾಗುವ ಅಂಚು, ಮಾಸಿದ ಕೆಂಪು ಇವೆಲ್ಲ ಆ ಬಡತನದ ದಾಖಲೆ. ಬ್ಲೀಚ್ ಮಾಡಿ ಬೆಳ್ಳಗೆ ಮಾಡಿಸಿ ಬಣ್ಣ ತುಂಬಿಸಿದರೆ ಉಳಿಯುವುದು ಯಾವುದೋ ಒಂದು ಬೀದಿಯ ಚಿತ್ರ ಮಾತ್ರ.

ಹಿಂಬದಿಯ ಅಕ್ಷರ ನನ್ನ ಮಟ್ಟಿಗೆ ಮುಂಬದಿಯಷ್ಟೇ ಮುಖ್ಯ. ಅದು ಫೌಂಟನ್ ಪೆನ್ನಿನ ಶಾಯಿ, ಇರುವುದರಲ್ಲಿ ಅತಿ ನಾಜೂಕು. ಮೊದಲ ಕೆಲಸವಾಗಿ ಅದನ್ನು ಓದಿಸಿಕೊಳ್ಳಿ. ಹಗಲು ಬೆಳಕಿನಲ್ಲಿ, ನೇರ ಬಿಸಿಲಿಲ್ಲದೆ, ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಫೋಟೋ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಕೆಂಪು ಚಾನೆಲ್ ಮಾತ್ರ ಕಪ್ಪು ಬಿಳುಪಾಗಿ ನೋಡಿ. ನೀಲಿ ಶಾಯಿ ಕೆಂಪು ಬೆಳಕನ್ನು ಹೀರುತ್ತದೆ, ಕಂದು ಕಾಗದ ಅದನ್ನು ವಾಪಸು ಕಳಿಸುತ್ತದೆ. ಹಾಗಾಗಿ ಕಾಗದ ಬೆಳ್ಳಗೆ, ಅಕ್ಷರ ಕಪ್ಪಗೆ ಕಾಣುತ್ತದೆ. ಕಣ್ಣಿಗೆ ಕಾಣದ ಸಾಲೂ ಕೆಲವೊಮ್ಮೆ ಹೀಗೆ ಎದ್ದು ಬರುತ್ತದೆ. ಮಾಸಿದ ಅಕ್ಷರದ ಮೇಲೆ ಹೊಸ ಪೆನ್ನಿನಲ್ಲಿ ತೀಡಬೇಡಿ.

ಇಡುವ ಬಗ್ಗೆ. ನಮ್ಮೂರಿನ ಶತ್ರು ತೇವ. ಗಾಳಿಯ ತೇವಾಂಶ ಶೇ. 65–70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಶುರು. ಜೋರು ಮಳೆಯ ಆಟಿ ತಿಂಗಳಿನಲ್ಲಿ ನಮ್ಮ ಮನೆಗಳ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಗಾಳಿಯಾಡದ ಮುಚ್ಚಳದ, ಚಿತ್ರಕ್ಕಿಂತ ದೊಡ್ಡದಾದ ಡಬ್ಬಿ ತನ್ನಿ. ಆಮ್ಲವಿಲ್ಲದ ರಟ್ಟನ್ನು ಫೋಲ್ಡರಿನ ಹಾಗೆ ಮಡಚಿ ಚಿತ್ರವನ್ನು ಒಳಗೆ ಚಪ್ಪಟೆಯಾಗಿ ಮಲಗಿಸಿ. ರಟ್ಟು ಬಣ್ಣಕ್ಕೆ ತಾಗದ ಹಾಗೆ ಸುತ್ತ ಇನ್ನೊಂದು ರಟ್ಟಿನ ಚೌಕಟ್ಟು ಕತ್ತರಿಸಿ ಇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಗ್ಗದ ಒಂದು ತೇವಮಾಪಕವನ್ನೂ ಇಡಿ. 50–55ರ ಹತ್ತಿರ ಇದ್ದರೆ ಸಾಕು. ಅದಕ್ಕಿಂತ ತೀರಾ ಕೆಳಗೆ ಇಳಿಸಿದರೆ ಕಾಗದ ಗರಿಗರಿಯಾಗಿ ಮುರಿಯುತ್ತದೆ. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಒಣಗಿಸಬೇಕು ಅಂತ ಅದೇ ತೋರಿಸುತ್ತದೆ. ಡಬ್ಬಿಯನ್ನು ಮನೆಯ ನಡುವಿನ ಕೋಣೆಯ ಕಪಾಟಿನಲ್ಲಿ ಇಡಿ, ಮಳೆ ಬಡಿಯುವ ಹೊರಗೋಡೆಗೆ ತಾಗಿಸಬೇಡಿ.

ಹಿಂದೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಬೀಜ, ಓಲೆಗರಿ ಇಡುತ್ತಿದ್ದರು. ಹೊಗೆಯಿಂದ ಹುಳ ಬರುತ್ತಿರಲಿಲ್ಲ. ಓಲೆಗೆ ಅದು ಒಳ್ಳೆಯ ಉಪಾಯ, ಕ್ರೇಯಾನಿಗೆ ಅಲ್ಲ. ಬಿಸಿಗೆ ಮೇಣ ಮೆತ್ತಗಾಗಿ ಮಸಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಓಲೆಗರಿಗೆ ಹಚ್ಚುವ ಮಜ್ಜಿಗೆಹುಲ್ಲಿನ ಎಣ್ಣೆಯನ್ನೂ ಕಾಗದಕ್ಕೆ ಹಚ್ಚಬೇಡಿ, ಕಲೆ ಉಳಿಯುತ್ತದೆ. ನಾಫ್ತಲಿನ್ ಗುಳಿಗೆ ಬೇಡ, ಅದರ ಆವಿ ಮೇಣಕ್ಕೂ ನಿಮ್ಮ ಉಸಿರಿಗೂ ಒಳ್ಳೆಯದಲ್ಲ. ಫೋಟೋ ಆಲ್ಬಮ್ಮಿನ ಪ್ಲಾಸ್ಟಿಕ್ ಕವರೂ ಬೇಡ. ಒಳ್ಳೆಯ ಪಾಲಿಯೆಸ್ಟರ್ ಹಾಳೆ ಬೇರೆ ಕಾಗದಗಳಿಗೆ ಸರಿ, ಆದರೆ ಅದರ ಸ್ಥಿರವಿದ್ಯುತ್ತು ಕ್ರೇಯಾನಿನ ಸಡಿಲ ಪುಡಿಯನ್ನು ಎಳೆದುಕೊಳ್ಳುತ್ತದೆ. ಹರಿದಲ್ಲಿ ಸೆಲ್ಲೋಟೇಪ್, ಫೆವಿಕಾಲ್ ಎರಡೂ ಹಾಕಬೇಡಿ.

ಚಾವಡಿಯಲ್ಲಿ ತೂಗುಹಾಕುವ ಆಸೆ ಇದ್ದರೆ ಒಳ್ಳೆಯ ಸ್ಕ್ಯಾನ್ ಅಥವಾ ಫೋಟೋ ತೆಗೆಸಿ, ಅದರ ಪ್ರತಿಯನ್ನು ಫ್ರೇಮ್ ಮಾಡಿ. ಸ್ಕ್ಯಾನರಿನ ಗಾಜಿಗೆ ಚಿತ್ರವನ್ನು ಒತ್ತುವ ಹಾಗಿಲ್ಲ, ಆದ್ದರಿಂದ ಮೇಲಿಂದ ಕ್ಯಾಮೆರಾದಲ್ಲಿ ತೆಗೆಸುವುದೇ ಕ್ಷೇಮ. ಮೂಲವನ್ನೇ ಹಾಕಬೇಕು ಅಂತ ಹಟವಿದ್ದರೆ ಗಾಜಿಗೂ ಚಿತ್ರಕ್ಕೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಅಂತರ ಬಿಡಿಸಿ. ಗಾಜಿಗೆ ತಾಗಿದ ಮೇಣ ಗಾಜಿಗೇ ಅಂಟುತ್ತದೆ.

ಬೆಲೆ ಕೇಳಿದ್ದೀರಿ. ಸಹಿಯಿಲ್ಲದ, ಬಿಡಿಸಿದವರ ಹೆಸರು ಗೊತ್ತಿಲ್ಲದ ಚಿತ್ರಕ್ಕೆ ಮಾರುಕಟ್ಟೆಯಲ್ಲಿ ದೊಡ್ಡ ಹಣ ಸಿಗುವುದಿಲ್ಲ. ಯಾರಾದರೂ ಮನೆ ಬಾಗಿಲಿಗೆ ಬಂದು ಕೊಳ್ಳುತ್ತೇನೆ ಅಂದರೆ ಅವಸರ ಮಾಡಬೇಡಿ. ಚಿತ್ರ, ಹಿಂಬದಿಯ ಅಕ್ಷರ, ಡಿಸ್ಚಾರ್ಜ್ ಕಾಗದ, ಟ್ರಂಕಿನಲ್ಲಿ ಸಿಕ್ಕ ಇತರ ಕಾಗದ ಎಲ್ಲವೂ ಒಟ್ಟಿಗೆ ಇದ್ದಾಗ ಅದಕ್ಕೆ ತೂಕ. ಬಿಡಿ ಬಿಡಿಯಾಗಿ ಹಂಚಿಹೋದರೆ ಇಲ್ಲ. ಜಪಾನಿನಲ್ಲಿದ್ದ ಭಾರತದ ಸಾಮಾನ್ಯ ಸಿಪಾಯಿಗಳು ಉಳಿಸಿದ ಇಂಥ ವಸ್ತು, ಅದೂ ಕನ್ನಡ ಅಕ್ಷರದ ಜೊತೆ, ಅಪರೂಪ. ಮನೆಯಲ್ಲಿ ಅಜ್ಜನ ಮಾತು ನೆನಪಿರುವ ಹಿರಿಯರು ಇದ್ದರೆ ಈಗಲೇ ಕೂತು ಬರೆದಿಟ್ಟುಕೊಳ್ಳಿ. ಯಾವ ಹಡಗು, ಯಾವ ಊರು, ಚಳಿಯ ಮಾತು, ಊಟದ ಮಾತು, ಏನೇ ಇರಲಿ.

ಅಂಚು ಹರಿಯುವುದು, ಪುಡಿಯಾಗುವುದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಎರಡೂ ಬದಿಯ ಫೋಟೋ, ಅಳತೆ, ತೊಂದರೆಯ ವಿವರ ಬರೆದು ಮೊದಲು ಕೇಳಿ, ಆಮೇಲೆ ಹೊರಡಿ. ಒಯ್ಯುವಾಗ ಸುರುಳಿ ಸುತ್ತಬೇಡಿ, ಆ ಕಾಗದ ಮುರಿಯುತ್ತದೆ. ಎರಡು ಗಟ್ಟಿ ರಟ್ಟಿನ ನಡುವೆ, ಚೌಕಟ್ಟಿನ ಅಂತರ ಬಿಟ್ಟು, ಚಪ್ಪಟೆಯಾಗಿ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಕ್ರೇಯಾನ್ ಕರಗಲು ಅಷ್ಟು ಬಿಸಿ ಸಾಕು. ಸಾಧ್ಯವಾದರೆ ಪತ್ತನಾಜೆಯೊಳಗೆ, ಅಂದರೆ ಮಳೆಗಾಲ ಶುರುವಾಗುವ ಮೊದಲು, ಹೋಗಿ ಬನ್ನಿ. ಮಳೆ ಹಿಡಿದ ಮೇಲೆ ಡಬ್ಬಿ ತೆರೆಯದಿರುವುದೇ ಒಳ್ಳೆಯದು.